ಬೀದಿನಾಯಿ ಬೀದಿಯಲ್ಲಿ ಹುಟ್ಟಿದ್ದಲ್ಲ

ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಶಾಲೆಯ ಗೇಟಿನ ಬಳಿ, ಮೋರಿಯ ಪಕ್ಕದಲ್ಲಿ ಒಂದು ಗೊಬ್ಬರದ ಚೀಲ ಬಿದ್ದಿತ್ತು. ಬಾಯಿಗೆ ಪ್ಲಾಸ್ಟಿಕ್ ಹಗ್ಗ ಬಿಗಿದಿತ್ತು. ಕೊಡೆ ಹಿಡಿದು ಬರುತ್ತಿದ್ದ ಹುಡುಗರಿಬ್ಬರು "ಟೀಚರ್, ಚೀಲ ಅಲ್ಲಾಡ್ತದೆ" ಎಂದು ಓಡಿಬಂದರು. ಬಿಚ್ಚಿ ನೋಡಿದರೆ ಐದು ನಾಯಿಮರಿಗಳು. ಕಣ್ಣು ಬಿಟ್ಟು ಒಂದು ವಾರ ಆಗಿರಬೇಕು. ಒಂದು ಆಗಲೇ ಸತ್ತಿತ್ತು. ಉಳಿದ ನಾಲ್ಕು ಒದ್ದೆಮುದ್ದೆಯಾಗಿ ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ಸತ್ತದ್ದೂ ಸೇರಿ ಐದೂ ಹೆಣ್ಣು.

ಆ ತಾಯಿ ಐದೂ ಹೆಣ್ಣನ್ನೇ ಹೆತ್ತಿದ್ದಳೆ? ಇರಲಾರದು. ಅದೇ ಸೂಲಿನ ಗಂಡುಮರಿಗಳು ಆ ಹೊತ್ತಿಗೆ ಯಾವುದೋ ಮನೆಯ ಹಟ್ಟಿಯ ಮೂಲೆಯಲ್ಲಿ, ಬೈಹುಲ್ಲಿನ ಮೇಲೆ, ತಾಯಿಯ ಮೊಲೆ ಚೀಪುತ್ತಾ ಬೆಚ್ಚಗೆ ಮಲಗಿದ್ದಿರಬೇಕು. ಯಾರೋ ಒಬ್ಬರು ದೀಪದ ಬೆಳಕಿನಲ್ಲಿ ಒಂದೊಂದನ್ನೂ ಎತ್ತಿ, ಹೊಟ್ಟೆ ಮೇಲೆ ಮಾಡಿ ನೋಡಿ, ಇದು ಇರಲಿ, ಇದು ಬೇಡ ಎಂದು ವಿಂಗಡಿಸಿದ್ದಾರೆ. ಬೇಡವಾದದ್ದು ಚೀಲಕ್ಕೆ. ಅಡಿಕೆ ಸುಲಿದು ರಾಶಿ ಮಾಡುವಾಗ ಪಟೋರವನ್ನು ಬೇರೆ ಹಾಕುತ್ತೇವಲ್ಲ, ಹಾಗೆ.

ಚೀಲ ಬಿಚ್ಚುವಾಗ ಸುತ್ತ ನಿಂತಿದ್ದ ಮಕ್ಕಳಲ್ಲಿ ಒಬ್ಬಳು, "ಟೀಚರ್, ಇದು ಬಿಟ್ಟದ್ದು ಯಾರೂಂತ ನನಗೆ ಗೊತ್ತುಂಟು" ಎಂದಳು. ಹೇಳಿದವಳೇ ತಲೆ ತಗ್ಗಿಸಿದಳು. ನಾನು ಯಾರೆಂದು ಕೇಳಲಿಲ್ಲ. ಕೇಳದಿದ್ದುದಕ್ಕೆ ಎರಡು ಕಾರಣಗಳಿದ್ದವು. ಒಂದು, ಆ ಮಗುವಿನ ಮುಖ ನೋಡಿದಾಗ ಅದು ದೂರದ ಮನೆಯ ಸಂಗತಿಯಲ್ಲ ಎಂದು ತಿಳಿಯಿತು. ಎರಡನೆಯ ಕಾರಣವನ್ನು ಆಮೇಲೆ ಹೇಳುತ್ತೇನೆ.

ಪತ್ರಿಕೆ ತೆರೆದರೆ "ಬೀದಿನಾಯಿಗಳ ಹಾವಳಿ" ಎಂಬ ಸುದ್ದಿ ವಾರಕ್ಕೊಮ್ಮೆಯಾದರೂ ಇರುತ್ತದೆ. ಪಂಚಾಯತು ಏನು ಮಾಡುತ್ತಿದೆ, ಪುರಸಭೆ ಏನು ಮಾಡುತ್ತಿದೆ ಎಂದು ನಾವು ಕೇಳುತ್ತೇವೆ. ಕೇಳಬೇಕಾದ್ದೇ. ಆದರೆ ಬೀದಿ ಎಂಬುದು ನಾಯಿಯನ್ನು ಹೆರುವುದಿಲ್ಲ. ಇಂದು ಬಸ್ ನಿಲ್ದಾಣದಲ್ಲಿ ಮರಿ ಹಾಕಿದ ನಾಯಿಯೋ, ಅದರ ತಾಯಿಯೋ, ಅಜ್ಜಿಯೋ ಒಂದು ದಿನ ಯಾರದೋ ಮನೆಯಿಂದ ಚೀಲದಲ್ಲಿ ಬಂದವಳು. ಈ ಮಾತನ್ನು ಒಪ್ಪಿಕೊಳ್ಳದೆ ನಾಯಿಗಳ ಬಗ್ಗೆ ನಾವು ಆಡುವ ಎಲ್ಲ ಮಾತೂ, ಸಿಟ್ಟಿನದಿರಲಿ, ಕನಿಕರದ್ದಿರಲಿ, ಗಾಳಿಮಾತು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮರಿ ಬಿಡುವ ಜಾಗಗಳು ಎಲ್ಲರಿಗೂ ಗೊತ್ತಿರುವಂಥವೇ. ಸಂತೆ ಮುಗಿದ ಸಂಜೆ ಪುತ್ತೂರಿನ ಕಿಲ್ಲೆ ಮೈದಾನ. ಪೇಟೆಪೇಟೆಯ ಮೀನು ಮಾರ್ಕೆಟಿನ ಹಿಂಬದಿ. ಅನ್ನದಾನ ನಡೆಯುವ ದೇವಸ್ಥಾನಗಳ ಸುತ್ತಮುತ್ತ. ಮಾಣಿ-ಮೈಸೂರು ರಸ್ತೆಯಲ್ಲಿ ಸಂಪಾಜೆ ಕಳೆದ ಮೇಲಿನ ಘಾಟಿ. ಗುಂಡ್ಯದ ಕಡೆಗೆ ಹೋಗುವಾಗಿನ ಕಾಡುದಾರಿ. ಮತ್ತೆ ಶಾಲೆಗಳು. ಶಾಲೆ ಏಕೆಂದರೆ ಅಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಟು, ಮಕ್ಕಳು ಹಾಕುತ್ತಾರೆ ಎಂಬ ಲೆಕ್ಕ.

ಬಿಟ್ಟವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ಕೊಲ್ಲಲಿಲ್ಲವಲ್ಲ ಟೀಚರೇ, ಅನ್ನ ಸಿಗುವ ಜಾಗದಲ್ಲೇ ಬಿಟ್ಟದ್ದು." ದೇವಸ್ಥಾನದ ಬಳಿ ಬಿಟ್ಟರೆ ದೇವರಿಗೆ ಒಪ್ಪಿಸಿದ ಹಾಗೆ, ಶಾಲೆಯ ಬಳಿ ಬಿಟ್ಟರೆ ಸರಸ್ವತಿಗೆ ಒಪ್ಪಿಸಿದ ಹಾಗೆ! ಮೂರು ವಾರದ ಮರಿಗೆ ಅನ್ನ ಅಗಿಯಲು ಹಲ್ಲು ಇರುವುದಿಲ್ಲ. ಮರಿ ಕನಿಷ್ಠ ಎಂಟು ವಾರ ತಾಯಿಯ ಜೊತೆ ಇರಬೇಕು. ಅದಕ್ಕೆ ಮೊದಲು ಬೇರ್ಪಡಿಸಿದ ಮರಿಗೆ ಬಿಸಿ ಬೇಕು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ರಾತ್ರಿ ಮಳೆಯಲ್ಲಿ ಮೋರಿಯ ಪಕ್ಕದಲ್ಲಿ ಇದೆಲ್ಲ ಯಾರು ಕೊಡುತ್ತಾರೆ? ಘಾಟಿಯಲ್ಲಿ ಬಿಟ್ಟದ್ದನ್ನು ಚಿರತೆ ಕೊಂಡುಹೋಗುತ್ತದೆ, ಪೇಟೆಯಲ್ಲಿ ಬಿಟ್ಟದ್ದನ್ನು ಲಾರಿ. ನಾವು ಕೊಲ್ಲಲಿಲ್ಲ, ಅಷ್ಟೆ. ಕೊಲ್ಲುವ ಕೆಲಸವನ್ನು ಬೇರೆಯವರಿಗೆ ಹಂಚಿದೆವು.

ಈಗ ಆ ಎರಡನೆಯ ಕಾರಣ.

ನಾನು ಮದುವೆಯಾಗಿ ಸುಳ್ಯದ ಕಡೆಯ ತೋಟದ ಮನೆಗೆ ಬಂದಾಗ ಅಲ್ಲಿ ಜೂಲಿ ಎಂಬ ನಾಯಿ ಇತ್ತು. ಊರ ನಾಯಿಯೇ, ಕಂದು ಬಣ್ಣ, ಬಾಲದ ತುದಿ ಬಿಳಿ. ಹೊಸ ಮನೆಯಲ್ಲಿ ನನ್ನ ಜೊತೆ ಮೊದಲು ಸಲಿಗೆಯಿಂದ ಇದ್ದದ್ದು ಅದೇ. ಬಟ್ಟೆ ಒಗೆಯಲು ತೋಡಿಗೆ ಹೋದರೆ ಹಿಂದೆಯೇ ಬಂದು ಕಲ್ಲಿನ ಮೇಲೆ ಕುಳಿತಿರುತ್ತಿತ್ತು. ವರ್ಷದೊಳಗೆ ಮರಿ ಹಾಕಿತು, ಆರು. ಎರಡು ಗಂಡನ್ನು ನೆರೆಮನೆಯವರು ಕೇಳಿ ಇಟ್ಟಿದ್ದರು. ಉಳಿದ ನಾಲ್ಕು ಹೆಣ್ಣು. "ಬೆಳಿಗ್ಗೆ ಜೀಪು ಪೇಟೆಗೆ ಹೋಗುವಾಗ ಬಿಟ್ಟು ಬರಲಿ" ಎಂದು ಮನೆಯ ಹಿರಿಯರು ತೀರ್ಮಾನಿಸಿದರು. ಗೋಣಿ ತಂದುಕೊಟ್ಟವರು ಅವರು. ಮರಿಗಳನ್ನು ಒಂದೊಂದಾಗಿ ಒಳಗಿಟ್ಟವಳು ನಾನು. ಜೂಲಿ ನನ್ನನ್ನು ಬಿಟ್ಟು ಬೇರೆ ಯಾರನ್ನೂ ಮರಿಗಳ ಹತ್ತಿರ ಬರಗೊಡುತ್ತಿರಲಿಲ್ಲ. ಅದಕ್ಕೇ ನನ್ನನ್ನು ಕರೆದದ್ದು. ಗೋಣಿಯ ಬಾಯಿ ಕಟ್ಟಿದವಳೂ ನಾನೇ.

ಜೂಲಿ ಮೂರು ದಿನ ಹಟ್ಟಿ, ಸೌದೆಕೊಟ್ಟಿಗೆ, ಅಡಿಕೆಯ ಅಟ್ಟ ಎಲ್ಲ ಕಡೆ ಹುಡುಕಿತು. ಮೊಲೆ ಬಿಗಿದು ಕಲ್ಲಿನಂತಾಗಿತ್ತು. ನನ್ನ ಬಳಿ ಬಂದು ಸೆರಗು ಹಿಡಿದು ಎಳೆಯಿತು. ಇವಳಿಗೆ ಗೊತ್ತಿರಬೇಕು ಎಂದು ಅದಕ್ಕೆ ಅನಿಸಿತ್ತೋ ಏನೋ. ನಾಲ್ಕನೆಯ ದಿನ ಸುಮ್ಮನಾಯಿತು. ಆರು ತಿಂಗಳಲ್ಲಿ ಪುನಃ ಗಬ್ಬ. ಮತ್ತೊಂದು ಗೋಣಿ. ಹೀಗೆ ಎಷ್ಟು ಸಲ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಆಗ ನನಗೆ ಡಿಗ್ರಿ ಇತ್ತು, ಬಿ.ಎಡ್. ಇತ್ತು, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಿ ಬಹುಮಾನ ಪಡೆದ ಸರ್ಟಿಫಿಕೇಟೂ ಇತ್ತು. ಗೋಣಿಗೆ ಗಂಟು ಹಾಕುವಾಗ ಅವು ಯಾವುವೂ ನೆನಪಾಗಲಿಲ್ಲ.

ಹೀಗಿರುವಾಗ ಆ ಹುಡುಗಿಯ ಹತ್ತಿರ "ಯಾರು ಬಿಟ್ಟದ್ದು?" ಎಂದು ಕೇಳುವ ಬಾಯಿ ನನಗೆಲ್ಲಿ?

ಆದ್ದರಿಂದ ನಾನು ಬರೆಯುತ್ತಿರುವುದು ಪಾಪಿಗಳ ಮೇಲೆ ಪುಣ್ಯವಂತೆಯ ದೂರಲ್ಲ. ನಮ್ಮ ಮೇಲೆ ನಮ್ಮದೇ ದೂರು. ಹೆಂಗಸರಾದ ನಮಗೆ ಈ ವಿಷಯದಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮನೆಯ ನಾಯಿಗೆ ಗಂಜಿ ಹಾಕುವವರು ನಾವು. ಅದು ಬೆದೆಗೆ ಬಂದದ್ದು ಮೊದಲು ಗೊತ್ತಾಗುವುದು ನಮಗೆ. ಗಬ್ಬ ನಿಂತದ್ದು, ಹೊಟ್ಟೆ ಇಳಿದದ್ದು, ಮರಿ ಹಾಕುವ ಮೂಲೆ ಹುಡುಕುತ್ತಿರುವುದು ಎಲ್ಲವೂ ನಮ್ಮ ಕಣ್ಣೆದುರು. ಗೋಣಿ ಹೊತ್ತು ಹೋಗುವವರು ಗಂಡಸರಿರಬಹುದು. ಆ ದಿನದವರೆಗೆ ಸುಮ್ಮನಿದ್ದವರು ನಾವು. ಹೆಣ್ಣು ಹುಟ್ಟಿತೆಂದು ಮುಖ ಸಣ್ಣ ಮಾಡುವವರನ್ನು ಸಭೆಯಲ್ಲಿ ಬೈಯುವ ನಾವು, ಹೆಣ್ಣು ಎಂಬ ಒಂದೇ ಕಾರಣಕ್ಕೆ ಹಾಲು ಕುಡಿಯುವ ಮರಿಯನ್ನು ಹೊರಹಾಕುವಾಗ ಬಾಯಿ ಬಿಡುವುದಿಲ್ಲ.

ಇದಕ್ಕೆ ಪರಿಹಾರ ಇಲ್ಲವೆ ಎಂದರೆ ಉಂಟು, ಬಹಳ ಹಳೆಯ ಪರಿಹಾರ. ಹೆಣ್ಣುನಾಯಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಆಮೇಲೆ ಸಾಧಾರಣ ವರ್ಷಕ್ಕೆರಡು ಸಲ. ಗರ್ಭದ ಅವಧಿ ಸುಮಾರು 63 ದಿನ. ಸೂಲಿಗೆ ನಾಲ್ಕೈದು ಮರಿ ಎಂದು ಹಿಡಿದರೂ ಒಂದು ನಾಯಿ ತನ್ನ ಆಯುಷ್ಯದಲ್ಲಿ ಎಷ್ಟು ಮರಿ ಹಾಕುತ್ತದೆ, ಅದರ ಹೆಣ್ಣುಮರಿಗಳು ಎಷ್ಟು ಹಾಕುತ್ತವೆ ಎಂದು ಏಳನೇ ತರಗತಿಯ ಮಗುವೂ ಲೆಕ್ಕ ಮಾಡಬಹುದು. ಈ ಲೆಕ್ಕಕ್ಕೆಲ್ಲ ಪೂರ್ಣವಿರಾಮ ಹಾಕುವುದು ಒಂದು ಶಸ್ತ್ರಚಿಕಿತ್ಸೆ. ಪಶುವೈದ್ಯರು ಅರಿವಳಿಕೆ ಕೊಟ್ಟು ಗರ್ಭಕೋಶ, ಅಂಡಾಶಯ ತೆಗೆಯುತ್ತಾರೆ. ಹತ್ತು ದಿನ ಹೊಲಿಗೆ ನೆಕ್ಕದ ಹಾಗೆ ನೋಡಿಕೊಂಡರೆ ಮುಗಿಯಿತು.

ಇಷ್ಟು ಹೇಳಿದೊಡನೆ ತಕರಾರುಗಳು ಸಾಲಾಗಿ ಬರುತ್ತವೆ. ಇಷ್ಟು ವರ್ಷಗಳಲ್ಲಿ ಇವು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿವೆ.

"ಪ್ರಕೃತಿಗೆ ವಿರುದ್ಧ, ಪಾಪ ಬರುತ್ತದೆ." ಹೌದೆ? ಮರಿಯನ್ನು ಚೀಲದಲ್ಲಿ ಕಟ್ಟುವುದು ಯಾವ ಪ್ರಕೃತಿಯಲ್ಲಿ ಉಂಟು? ಅಂಗಳದಲ್ಲಿ ಸಂಕೋಲೆ ಹಾಕಿ ನಾಯಿ ಕಟ್ಟುವುದು ಪ್ರಕೃತಿಯೆ? ಪಾಪದ ಲೆಕ್ಕ ಬರೆಯುವವನಿದ್ದರೆ ಆಪರೇಶನನ್ನು ಯಾವ ಕಾಲಮ್ಮಿನಲ್ಲಿ, ಗೋಣಿಯನ್ನು ಯಾವ ಕಾಲಮ್ಮಿನಲ್ಲಿ ಬರೆದಾನು?

"ಒಂದು ಸಲವಾದರೂ ತಾಯಿಯಾಗಲಿ, ಪಾಪ." ಇದು ನಮ್ಮ ಹೆಂಗಸರ ಬಾಯಿಂದಲೇ ಹೆಚ್ಚು ಬರುವ ಮಾತು. ತಾಯಿಯಾಗುವ ಸುಖ ನಾಯಿಗೂ ಬೇಡವೆ ಎಂದು ಕೇಳುತ್ತೇವೆ. ಆ ಸುಖ ಮೂರು ವಾರದ್ದು. ಆಮೇಲಿನ ಮೂರು ದಿನ ಜೂಲಿ ಏನು ಮಾಡಿತೆಂದು ನಾನು ಕಂಡಿದ್ದೇನೆ. ಒಂದು ಸೂಲು ಹೆತ್ತರೆ ಆರೋಗ್ಯಕ್ಕೆ ಒಳ್ಳೆಯದೆಂಬುದಕ್ಕೂ ಆಧಾರವಿಲ್ಲ. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆ ಮಾಡಿಸಿದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದಿಲ್ಲ, ಮೊಲೆಯ ಗಡ್ಡೆಯ ಭಯವೂ ಬಹಳ ಕಡಿಮೆ.

"ಆಪರೇಶನ್ ಮಾಡಿದ ನಾಯಿ ಕಾವಲಿಗಾಗದು, ಸೋಮಾರಿಯಾಗುತ್ತದೆ." ನಮ್ಮ ಕಡೆ ತೋಟಕ್ಕೆ ಹಂದಿ, ಬಾಳೆಗೆ ಮಂಗ. ನಾಯಿಯಿಲ್ಲದೆ ಕೃಷಿ ಇಲ್ಲ, ಒಪ್ಪಿದೆ. ಆದರೆ ಗಂಡುನಾಯಿ ನೆರೆಯ ಊರಿನಲ್ಲಿ ಬೆದೆಯ ವಾಸನೆ ಬಂದರೆ ವಾರಗಟ್ಟಲೆ ಮನೆ ಬಿಡುತ್ತದೆ, ಕಚ್ಚಾಡಿಕೊಂಡು ಕಿವಿ ಹರಿದು ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಶಸ್ತ್ರಚಿಕಿತ್ಸೆ ಆದ ಹೆಣ್ಣುನಾಯಿ ಅಂಗಳ ಬಿಡುವುದಿಲ್ಲ. ಕಾವಲು ಬೇಕಾದವರು ಬಿಸಾಡುತ್ತಿರುವುದು ಒಳ್ಳೆಯ ಕಾವಲುಗಾತಿಯನ್ನೇ.

"ಖರ್ಚು ಯಾರು ಮಾಡುವುದು?" ಈ ಪ್ರಶ್ನೆಗೆ ನಾನು ನಗುವುದಿಲ್ಲ. ದಿನಗೂಲಿಯ ಮನೆಗೆ ಅದು ದೊಡ್ಡ ಮಾತೇ. ನೆರವಿನ ಸಂಸ್ಥೆಗಳು ಇರಬೇಕಾದ್ದು ಅಲ್ಲಿಗೆ. ಆದರೆ ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರಲ್ಲಿ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಂದವರೂ ಇದ್ದಾರೆ.

ಕೊನೆಯ ತಕರಾರೇ ನನಗೆ ಅತ್ಯಂತ ಸಂಕಟದ್ದು. ಅದು ತಕರಾರೂ ಅಲ್ಲ, ಹೊಗಳಿಕೆ. "ಈಗ ನಿಮ್ಮಂಥ ಸಂಸ್ಥೆಯವರು ಇದ್ದೀರಲ್ಲ ಟೀಚರೇ, ಹಾಗಾಗಿ ನಮಗೆ ಧೈರ್ಯ."

ಕೈಬಿಟ್ಟ ನಾಯಿಗಳಿಗೆ ಮನೆ ಹುಡುಕುವ ಒಂದು ಸಣ್ಣ ಬಳಗದ ಜೊತೆ ನಾನು ಕೆಲಸ ಮಾಡುತ್ತೇನೆ. ದೊಡ್ಡ ಕಟ್ಟಡ, ವ್ಯಾನು ಏನೂ ಇಲ್ಲ. ಬೀದಿಯಲ್ಲಿ ಸಿಕ್ಕಿದ ಮರಿಯನ್ನು ಯಾರಾದರೊಬ್ಬರ ಮನೆಯ ಬಚ್ಚಲಿನ ಪಕ್ಕವೋ ಸೌದೆಕೊಟ್ಟಿಗೆಯಲ್ಲೋ ಇರಿಸಿಕೊಂಡು, ಹುಳದ ಮದ್ದು ಕೊಟ್ಟು, ಆರೆಂಟು ವಾರವಾದಾಗ ಚುಚ್ಚುಮದ್ದು ಹಾಕಿಸಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮನೆ ಹುಡುಕುವುದು. ದೊಡ್ಡ ಚಿಕಿತ್ಸೆ ಬೇಕಾದರೆ ಮಂಗಳೂರಿಗೆ ಓಡುವುದು. ಅಲ್ಲಿ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಉಂಟು, ನಾಯಿಗಳ ಸಂತಾನಹರಣ ಚಿಕಿತ್ಸೆ, ಗಾಯಗೊಂಡ ಪ್ರಾಣಿಗಳ ಆರೈಕೆ ಎಂದು ಹಲವು ವರ್ಷಗಳಿಂದ ದುಡಿದ ಸಂಸ್ಥೆ. ಬೆಂಗಳೂರಿನ ಕ್ಯೂಪಾ ಸಂಸ್ಥೆಯನ್ನು ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧ ಮಹಿಳೆ 1991ರಲ್ಲಿ ಕಟ್ಟಿದರು. ಇಂಥವರಿದ್ದಾರೆ ಎಂಬುದು ಸಮಾಧಾನ. ಆದರೆ ಇಂಥವರು ಇದ್ದಾರೆಂದೇ ಮರಿ ಬಿಡುವುದು ಸುಲಭವಾಗಿದೆ ಎಂಬುದೂ ನಿಜ.

ಮೊದಲು ಚೀಲ ರಾತ್ರಿ ಹೊತ್ತು ಮೋರಿಗೆ ಹೋಗುತ್ತಿತ್ತು. ಈಗ ಹಗಲು ಹೊತ್ತು ನಮ್ಮ ಗೇಟಿಗೆ ಬರುತ್ತದೆ. ತಂದವರು ಕೈ ಮುಗಿಯುತ್ತಾರೆ. ಐವತ್ತು ರೂಪಾಯಿ ಕೊಟ್ಟು "ಹಾಲಿಗೆ ಇರಲಿ" ಎನ್ನುವವರೂ ಉಂಟು. ಅವರನ್ನು ನಾನು ಕೇಳುವುದು ಒಂದೇ: "ತಾಯಿ ಎಲ್ಲಿ? ಅದನ್ನು ಕರೆದುಕೊಂಡು ಬನ್ನಿ, ಆಪರೇಶನ್ ಮಾಡಿಸೋಣ." ಅಲ್ಲಿಗೆ ಮುಖದ ನಗು ಮಾಯ. ಮರಿ ಬಿಡಲು ಬಂದವರು ಹಲವರು. ತಾಯಿಯನ್ನು ಕರೆತಂದವರನ್ನು ಬೆರಳಲ್ಲಿ ಎಣಿಸಬಹುದು. ಹಾಗಾದರೆ ನಾವು ಮಾಡುತ್ತಿರುವುದೇನು? ತೂತು ಬಿದ್ದ ದೋಣಿಯಿಂದ ಸೌಟಿನಲ್ಲಿ ನೀರು ಹೊರಗೆ ಹಾಕುವುದು. ತೂತು ಮುಚ್ಚುವ ಕೈ ಮನೆಯೊಳಗಿನದು.

ಮರಿಗೆ ಮನೆ ಹುಡುಕುವುದೆಂದರೆ ಹಿಂದಿನ ಕಾಲದಲ್ಲಿ ಹೆಣ್ಣಿಗೆ ಗಂಡು ಹುಡುಕಿದ ಹಾಗೆಯೇ. ಫೋನು ಬರುತ್ತದೆ: "ಮರಿ ಉಂಟಂತೆ, ಗಂಡಾದರೆ ಮಾತ್ರ." "ಬಿಳಿ ಉಂಟಾ?" "ಜಾತಿ ಯಾವುದು?" ನಾವೂ ಕೇಳುತ್ತೇವೆ. ದಿನವಿಡೀ ಕಟ್ಟಿ ಹಾಕುತ್ತೀರಾ? ಮಳೆಗೆ ಎಲ್ಲಿ ಮಲಗುತ್ತದೆ? ನೀವು ಮದುವೆ-ಮುಂಜಿಗೆ ಹೋದಾಗ ಅನ್ನ ಹಾಕುವವರು ಯಾರು? ಪ್ರಾಯಕ್ಕೆ ಬಂದಾಗ ಆಪರೇಶನ್ ಮಾಡಿಸುತ್ತೀರಿ ಎಂದು ಕಾಗದದಲ್ಲಿ ಬರೆದುಕೊಡುತ್ತೀರಾ? "ಒಂದು ನಾಯಿಮರಿಗೆ ಇಷ್ಟೆಲ್ಲಾ ವಿಚಾರಣೆಯಾ ಮಾರಾಯ್ರೆ?" ಎಂದು ಫೋನು ಇಟ್ಟುಬಿಡುತ್ತಾರೆ. ಇಡಲಿ. ಒಂದೇ ಮರಿ ಎರಡು ಸಲ ಬೀದಿಗೆ ಬೀಳುವುದಕ್ಕಿಂತ ಒಂದು ಫೋನು ಬಿದ್ದರೆ ನಷ್ಟವಿಲ್ಲ.

ಇನ್ನು ಜಾತಿ ನಾಯಿಗಳ ಕಥೆ. ಸಾವಿರಾರು ರೂಪಾಯಿ ಕೊಟ್ಟು ತಂದ ಲ್ಯಾಬ್ರಡಾರ್, ಪಗ್. ಹಿಮದ ನಾಡಿನ ಹಸ್ಕಿಯನ್ನೂ ನಮ್ಮ ಮೇ ತಿಂಗಳ ಸೆಕೆಗೆ ತರುತ್ತಾರೆ. ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ, ಚರ್ಮದ ಕಾಯಿಲೆ ಹಿಡಿದ ಮೇಲೆ, ಸೊಂಟ ಬಿದ್ದ ಮೇಲೆ ಅದೂ ರಸ್ತೆಗೆ. ಊರ ನಾಯಿಯಾದರೂ ಬೀದಿಯಲ್ಲಿ ಹೇಗೋ ಬದುಕೀತು. ಸೋಫಾದ ಮೇಲೆ ಬೆಳೆದ ನಾಯಿ ಬಿಟ್ಟ ಜಾಗದಲ್ಲೇ ಕುಳಿತು ಹೋಗುವ ಕಾರುಗಳನ್ನೆಲ್ಲ ನೋಡುತ್ತಾ ಇರುತ್ತದೆ. ಹಾಗೆ ಕುಳಿತ ನಾಯಿಯನ್ನು ಎಬ್ಬಿಸಿ ಕರೆತರುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಕಾನೂನು ಏನು ಹೇಳುತ್ತದೆ? ನಾಟ್ಯಕ್ಕೆ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆ ತಡೆಗೆ ಮಸೂದೆ ತಂದರು. ಅವರ ಹಟದಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಆಯಿತು. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬಿಡುವುದು ಆ ಕಾಯಿದೆಯ 11ನೇ ಕಲಮಿನಂತೆ ಅಪರಾಧ. ಮೊದಲ ತಪ್ಪಿಗೆ ಅಂದು ಇಟ್ಟ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ. 1960ರಲ್ಲಿ ಐವತ್ತು ರೂಪಾಯಿಗೆ ತೂಕವಿತ್ತು. ಮನೆಯ ನಾಯಿಯ ಲಸಿಕೆ, ಸಂತಾನಹರಣ ಚಿಕಿತ್ಸೆ ಯಜಮಾನನ ಹೊಣೆ ಎಂದು 2001ರ ನಿಯಮಗಳಲ್ಲೂ ಇತ್ತು, 2023ರ ನಿಯಮಗಳಲ್ಲೂ ಇದೆ. ಬೀದಿನಾಯಿಗಳದ್ದು ಸ್ಥಳೀಯ ಆಡಳಿತದ ಹೊಣೆ. ನಾವು ಎರಡನೆಯದನ್ನು ಗಟ್ಟಿಯಾಗಿ ಓದುತ್ತೇವೆ, ಮೊದಲನೆಯದನ್ನು ನುಂಗುತ್ತೇವೆ.

2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇದೇ ವಿಷಯ ದೊಡ್ಡದಾಯಿತು. ಆಗಸ್ಟ್ 11ರಂದು ದೆಹಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಬೇಕೆಂಬ ಆದೇಶ ಬಂತು. ಆಗಸ್ಟ್ 22ರಂದು ದೊಡ್ಡ ಪೀಠ ಅದನ್ನು ಬದಲಿಸಿ, ರೇಬೀಸ್ ತಗಲಿದ ಮತ್ತು ಮೇಲೆಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ನಾಯಿಗಳನ್ನು ತೆಗೆದು ಪುನಃ ಅಲ್ಲಿಗೆ ಬಿಡಬಾರದೆಂಬ ಆದೇಶವಾಯಿತು. ಊರೆಲ್ಲ ಎರಡು ಪಕ್ಷವಾಗಿ ಜಗಳವಾಡಿತು. ನನ್ನದು ಇಷ್ಟೇ ಪ್ರಶ್ನೆ. ಶಾಲೆಯಿಂದ ಇವತ್ತು ನಾಯಿಗಳನ್ನು ಕೊಂಡುಹೋದರು ಎಂದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಗೇಟಿನ ಬಳಿ ಇನ್ನೊಂದು ಚೀಲ ಬಿದ್ದಿರುತ್ತದಲ್ಲ, ಅದಕ್ಕೆ ಯಾವ ಕೋರ್ಟು?

ಹಿಡಿದು ಕೊಂದರೆ ಮುಗಿಯಿತು ಎನ್ನುವವರಿದ್ದಾರೆ. ಅದನ್ನೂ ನಮ್ಮ ದೇಶ ಮಾಡಿ ನೋಡಿದೆ. ಬ್ರಿಟಿಷರ ಕಾಲದಿಂದ ಪಟ್ಟಣಗಳಲ್ಲಿ ನಾಯಿಗಳನ್ನು ಕೊಲ್ಲುತ್ತಲೇ ಇದ್ದರು. ನಾಯಿ ಮುಗಿಯಲಿಲ್ಲ. ಚೆನ್ನೈಯ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ಕೊಲ್ಲುವ ಬದಲು ಸಂತಾನಹರಣ ಮಾಡುವ ದಾರಿ ಹಿಡಿಯಿತು. ಅಲ್ಲಿಯ ಕಾರ್ಪೊರೇಶನ್ ಅದನ್ನು ಒಪ್ಪಿದ್ದು 1996ರಲ್ಲಿ. ಪಕ್ಕದ ಗೋವಾದಲ್ಲಿ ವರ್ಷವರ್ಷವೂ ಬಿಡದೆ ನಾಯಿಗಳಿಗೆ ಲಸಿಕೆ ಹಾಕಿದರು; 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಗೋವಾ ಮಾಡಿದ್ದನ್ನು ಪುತ್ತೂರು ಮಾಡಲಾರದೆ? 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳ ಲೆಕ್ಕ 1 ಕೋಟಿ 53 ಲಕ್ಷ, ಕರ್ನಾಟಕದ್ದು 11 ಲಕ್ಷಕ್ಕೂ ಮೇಲೆ. ಇಷ್ಟಕ್ಕೆ ಆಶ್ರಯತಾಣ ಕಟ್ಟಲು ಯಾವ ಗುಡ್ಡೆ ಸಾಕು?

"ಮನುಷ್ಯರ ಮಕ್ಕಳಿಗಿಂತ ನಾಯಿ ಹೆಚ್ಚಾಯಿತೆ ನಿಮಗೆ?" ಎಂದು ಕೇಳುವವರಿಗೆ ಉತ್ತರಿಸಲೇಬೇಕು, ಏಕೆಂದರೆ ನಾನು ಮಕ್ಕಳ ನಡುವೆ ಬದುಕುವವಳು. 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳ ದಾಳಿಗೆ ಪುಟ್ಟ ಮಕ್ಕಳು ಬಲಿಯಾದದ್ದನ್ನು ಮರೆತು ಮಾತನಾಡುವ ಪ್ರಾಣಿಪ್ರೇಮ ನನಗೆ ಬೇಡ. ಬಿಸ್ಕತ್ತು ಹಾಕಿ ಫೋಟೋ ತೆಗೆದು ಹೋಗುವ, ಒಂದು ನಾಯಿಗೂ ಲಸಿಕೆ ಹಾಕಿಸದ ಪ್ರೀತಿಯೂ ಬೇಡ. ನಮ್ಮ ಶಾಲೆಯ ಎರಡನೇ ತರಗತಿಯ ಹುಡುಗಿಯನ್ನು ನಾಯಿ ಕಚ್ಚಿತು. ಬಾವಿಕಟ್ಟೆಯ ಹಿಂದೆ ಮರಿ ಹಾಕಿಕೊಂಡಿದ್ದ ನಾಯಿ; ಚೆಂಡು ಹೆಕ್ಕಲು ಹೋದ ಮಗು. ಕಾಲಿನ ಮೀನಖಂಡಕ್ಕೆ ನಾಲ್ಕು ಹಲ್ಲು. ಯಾರೋ ಅರಿಶಿನ ತಂದರು, ಯಾರೋ ಸುಣ್ಣ ಎಂದರು. ಅದೆಲ್ಲ ಬೇಡ. ಹರಿಯುವ ನೀರಿನಲ್ಲಿ, ಸೋಪು ಹಾಕಿ, ಹದಿನೈದು ನಿಮಿಷ ತೊಳೆಯಬೇಕು. ತೊಳೆದು ಕೂಡಲೇ ಆಸ್ಪತ್ರೆಗೆ. ಸರಕಾರಿ ಆಸ್ಪತ್ರೆಯಲ್ಲಿ ಆ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಚುಚ್ಚುಮದ್ದು. ಗಾಯ ಆಳವಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದು. ಒಂದನ್ನೂ ತಪ್ಪಿಸಬಾರದು, ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು.

ಆ ಮಗು ಚೆನ್ನಾಗಿದ್ದಾಳೆ. ಆದರೆ ಆ ದಿನ ಆಸ್ಪತ್ರೆಯ ಬೆಂಚಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ ನನಗೆ ಹೊಳೆದದ್ದು ಒಂದೇ. ಕಚ್ಚಿದ ನಾಯಿ ಮರಿ ಕಾಯುವ ತಾಯಿ. ಅದಕ್ಕೆ ಎರಡು ವರ್ಷದ ಹಿಂದೆ ಆಪರೇಶನ್ ಆಗಿದ್ದರೆ ಬಾವಿಕಟ್ಟೆಯ ಹಿಂದೆ ಮರಿಗಳೂ ಇಲ್ಲ, ಕಚ್ಚುವ ಕಾರಣವೂ ಇಲ್ಲ. ಮಗುವಿನ ಕಾಲು, ನಾಯಿಯ ಹೊಟ್ಟೆ ಇವೆರಡರ ಹಿತ ಬೇರೆ ಬೇರೆ ಎಂದು ಜಗಳವಾಡುವವರು ಆ ಬೆಂಚಿನಲ್ಲಿ ಒಂದು ಗಂಟೆ ಕುಳಿತುಕೊಳ್ಳಬೇಕು.

ನಾಯಿ ಎಂದರೆ ನಮಗೆ ಬೈಗುಳ. ಕೆಟ್ಟು ಹೋದ ಬದುಕಿಗೆ ನಾಯಿಪಾಡು ಎನ್ನುತ್ತೇವೆ. ಆದರೆ ಈ ಕನ್ನಡ ನಾಡು ನಾಯಿಗೆ ಕಲ್ಲು ನಿಲ್ಲಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 950ರ ಸುಮಾರಿನದು. ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನನ್ನು ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಾಯಿ ಹಂದಿ ಕಾದುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇದೆ. ನಮ್ಮ ತೋಟಗಳಲ್ಲಿ ಇಂದಿಗೂ ನಾಯಿಗಳು ಹಂದಿಯ ಮೇಲೆ ಬಿದ್ದು ಹೊಟ್ಟೆ ಸೀಳಿಸಿಕೊಂಡು ಬರುತ್ತವೆ. ಅವಕ್ಕೆ ಕಲ್ಲು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಅವುಗಳ ಮರಿಗಳಿಗೆ ಗೋಣಿ ಹುಡುಕದಿದ್ದರೆ ಸಾಕು.

ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಊರುಗಳಲ್ಲಿ ಸ್ವಸಹಾಯ ಸಂಘವಿಲ್ಲದ ಬೀದಿಯಿಲ್ಲ, ಮಹಿಳಾ ಮಂಡಲವಿಲ್ಲದ ಗ್ರಾಮವಿಲ್ಲ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕವಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಯಾರ ಮನೆಯಲ್ಲಿ ಹೆಣ್ಣುನಾಯಿ ಉಂಟು, ಅದಕ್ಕೆ ಎಷ್ಟು ತಿಂಗಳು, ಆಪರೇಶನ್ ಆಗಿದೆಯೇ? ಹತ್ತು ಮನೆಯ ನಾಯಿಗಳಿಗೆ ಒಂದೇ ದಿನ ಶಿಬಿರ ಬೇಕೆಂದು ಪಂಚಾಯತಿಗೂ ಪಶು ಆಸ್ಪತ್ರೆಗೂ ಹತ್ತು ಹೆಂಗಸರು ಒಟ್ಟಾಗಿ ಹೋಗಿ ಕೇಳಿದರೆ ಇಲ್ಲವೆನ್ನುವುದು ಅಷ್ಟು ಸುಲಭವಲ್ಲ. ಒಬ್ಬಳು ಹೋದರೆ "ನಾಯಿ ಟೀಚರ್" ಎಂದು ನಗುತ್ತಾರೆ. ನನಗೆ ಆ ಹೆಸರು ಬಂದು ಬಹಳ ಕಾಲವಾಯಿತು. ಮನೆಗೆ ನಾಯಿ ಬೇಕಾದರೆ ಕೊಳ್ಳಬೇಡಿ. ಬೀದಿಯಲ್ಲಿ ಬಿದ್ದ ಹೆಣ್ಣುಮರಿಯೊಂದನ್ನು ತನ್ನಿ.

ಆ ಚೀಲದ ನಾಲ್ಕು ಮರಿಗಳಲ್ಲಿ ಎರಡು ರಕ್ತಭೇದಿಯಾಗಿ ವಾರದೊಳಗೆ ಸತ್ತವು. ಒಂದು ಬೆಳ್ಳಾರೆಯ ಕಡೆಯ ಒಂದು ಮನೆಯಲ್ಲಿ ಚೆನ್ನಾಗಿದೆ. ನಾಲ್ಕನೆಯದನ್ನು ಕೊಂಡುಹೋದವರು ಒಂದು ತಿಂಗಳಲ್ಲಿ ತಂದು ಬಿಟ್ಟರು, "ಅತ್ತೆಗೆ ಹೆಣ್ಣು ಬೇಡವಂತೆ." ಅದು ಈಗ ನಮ್ಮ ಮನೆಯ ಮೆಟ್ಟಿಲಲ್ಲಿ ಮಲಗುತ್ತದೆ. ಏಳು ತಿಂಗಳಾದಾಗ ನಾನೇ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿದೆ. ಹೊಲಿಗೆ ಬಿಚ್ಚಿಸಿದ ದಿನ, ಆ ಬೆಳಿಗ್ಗೆ ಚೀಲದ ಬಳಿ ತಲೆ ತಗ್ಗಿಸಿದ ಹುಡುಗಿ ಶಾಲೆ ಬಿಟ್ಟ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಬಹಳ ಹೊತ್ತು ಪೆನ್ಸಿಲು ತಿರುವುತ್ತಾ ನಿಂತು, "ಟೀಚರ್, ನಮ್ಮನೆ ನಾಯಿಗೂ ಅದು ಮಾಡಿಸ್ಲಿಕ್ಕೆ ಆಗ್ತದಾ? ಅಮ್ಮ ಕೇಳ್ಲಿಕ್ಕೆ ಹೇಳಿದ್ರು" ಎಂದಳು.

ಆಗುತ್ತದೆ ಎಂದೆ. ಆ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಅಮ್ಮನೇ ನಾಯಿಗೆ ಹಗ್ಗ ಹಾಕಿ ಕರೆತಂದರು. ನಾವಿಬ್ಬರೂ ಒಂದೇ ರಿಕ್ಷಾದಲ್ಲಿ ಹೋದೆವು. ಚೀಲದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.